ಐದು ತಿಂಗಳು ತುಂಬಿದ ಮೇಲೆ ಗರ್ಭ ತೆಗೆಸಬೇಕಾಗಿ ಬಂದಾಗ

ಬಸಿರು ಐದು ತಿಂಗಳು ದಾಟಿದ ಮೇಲೆ ವೈದ್ಯಕೀಯ ಕಾರಣಕ್ಕಾಗಿ ಅದನ್ನು ಅಲ್ಲಿಗೇ ಮುಗಿಸಬೇಕೆಂದು ವೈದ್ಯರು ಹೇಳಿದಾಗ, ಹೆಚ್ಚಿನವರ ಕಲ್ಪನೆಯಲ್ಲಿ ಬರುವುದು ಅರಿವಳಿಕೆ ಕೊಟ್ಟು ಮಲಗಿಸಿ, ಅರ್ಧ ತಾಸಿನಲ್ಲಿ ಮುಗಿಸಿ, ಸಂಜೆ ಮನೆಗೆ ಕಳಿಸುವ ಒಂದು ಸಣ್ಣ ಶಸ್ತ್ರಚಿಕಿತ್ಸೆ. ನನ್ನ ಕಲ್ಪನೆಯೂ ಹಾಗೆಯೇ ಇತ್ತು. ವಾಸ್ತವದಲ್ಲಿ ನಮ್ಮ ಕಡೆಯ ಬಹುತೇಕ ಆಸ್ಪತ್ರೆಗಳಲ್ಲಿ ಈ ಹಂತದ ಗರ್ಭಪಾತ ಹೆರಿಗೆಯ ಹಾದಿಯಲ್ಲೇ ನಡೆಯುತ್ತದೆ: ಗುಳಿಗೆಯಿಂದ ಬೇನೆ ಬರಿಸುತ್ತಾರೆ, ಗರ್ಭಕೋಶದ ಬಾಯಿ ತೆರೆಯುತ್ತದೆ, ಕೂಸು ಹೊರಬರುತ್ತದೆ, ಮಾಸು ಬೀಳುತ್ತದೆ, ಎರಡು ಮೂರು ದಿನಗಳ ಮೇಲೆ ಎದೆಯಲ್ಲಿ ಹಾಲೂ ಇಳಿಯುತ್ತದೆ. ಆದ್ದರಿಂದ ಇದಕ್ಕೆ ಹೋಗುವವರು ಹೆರಿಗೆಗೆ ಹೋಗುವವರಂತೆ ಸಿದ್ಧರಾಗಿ ಹೋಗಬೇಕು, ಬಂದ ಮೇಲೆ ಅವರಿಗೆ ಬಾಣಂತಿಗೆ ಸಲ್ಲುವ ಆರೈಕೆಯೇ ಸಲ್ಲಬೇಕು. ಆಸ್ಪತ್ರೆಗೆ ಹೋಗುವ ಮುನ್ನ ಇಷ್ಟನ್ನು ಯಾರಾದರೂ ನನಗೆ ಸ್ಪಷ್ಟವಾಗಿ ಹೇಳಿದ್ದರೆ ನೋವು ಕಡಿಮೆಯಾಗುತ್ತಿರಲಿಲ್ಲವಾದರೂ ಗಾಬರಿ ಖಂಡಿತ ಕಡಿಮೆಯಾಗುತ್ತಿತ್ತು.

ನಾನು ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಊರಿನ ಸ್ಕ್ಯಾನಿಂಗ್‌ನಲ್ಲಿ "ನೀರು ಕಮ್ಮಿ ಐತ್ರಿ, ಹುಬ್ಬಳ್ಳಿಗೆ ಹೋಗಿ ತೋರಿಸ್ರಿ" ಎಂದಷ್ಟೇ ಹೇಳಿ ಕಳಿಸಿದ್ದರು. ಹುಬ್ಬಳ್ಳಿಯಲ್ಲಿ ಭ್ರೂಣ ವೈದ್ಯಕೀಯ ತಜ್ಞರು ಬಹಳ ಹೊತ್ತು ನೋಡಿ, ಮಗುವಿನ ಎರಡೂ ಮೂತ್ರಪಿಂಡಗಳು ಬೆಳೆದೇ ಇಲ್ಲವೆಂದು ತಿಳಿಸಿದರು. ಸುಮಾರು ಹದಿನಾರನೇ ವಾರದ ನಂತರ ಗರ್ಭದಲ್ಲಿರುವ ನೀರಿನ ಹೆಚ್ಚಿನ ಪಾಲು ಮಗುವಿನ ಮೂತ್ರವೇ ಆಗಿರುತ್ತದೆ. ಮೂತ್ರಪಿಂಡವಿಲ್ಲದಿದ್ದರೆ ನೀರಿಲ್ಲ, ನೀರಿಲ್ಲದಿದ್ದರೆ ಶ್ವಾಸಕೋಶ ಬಲಿಯುವುದಿಲ್ಲ. ಅಂಥ ಮಗು ಒಂಬತ್ತು ತಿಂಗಳು ತುಂಬಿ ಹುಟ್ಟಿದರೂ ಉಸಿರಾಡಲಾರದೆ ಕೆಲವೇ ತಾಸುಗಳಲ್ಲಿ ತೀರಿಕೊಳ್ಳುವುದೇ ಹೆಚ್ಚು. ನೀರಿಲ್ಲದ ಗರ್ಭದಲ್ಲಿ ಸ್ಕ್ಯಾನಿಂಗ್ ಚಿತ್ರ ಮಸುಕಾಗಿಯೇ ಕಾಣುತ್ತದೆಯಾದ್ದರಿಂದ, ಮೂತ್ರಪಿಂಡಕ್ಕೆ ಹೋಗುವ ರಕ್ತನಾಳಗಳಾದರೂ ಇವೆಯೇ ಎಂದು ಕಲರ್ ಡಾಪ್ಲರ್‌ನಲ್ಲಿ ಹುಡುಕುತ್ತಾರೆ. ಅವೂ ಇರಲಿಲ್ಲ. ನಾವು ಇನ್ನೊಬ್ಬ ತಜ್ಞರ ಬಳಿಗೂ ಹೋದೆವು. ಎರಡನೆಯ ಅಭಿಪ್ರಾಯ ಕೇಳಿದರೆ ಮೊದಲಿನವರು ಬೇಸರಪಟ್ಟುಕೊಳ್ಳುತ್ತಾರೆಂಬ ಸಂಕೋಚ ನಮ್ಮ ಜನರಲ್ಲಿ ಬಹಳ. ಇಂಥ ವಿಷಯದಲ್ಲಿ ಆ ಸಂಕೋಚವನ್ನು ಬದಿಗಿಡುವುದು ಲೇಸು, ಏಕೆಂದರೆ ಮುಂದೆ ಎಷ್ಟೋ ವರ್ಷ "ಇನ್ನೊಂದು ಕಡೆ ತೋರಿಸಬೇಕಿತ್ತೇನೋ" ಎಂಬ ಮಾತು ಮನಸ್ಸಿನಲ್ಲಿ ಉಳಿಯುವುದಿಲ್ಲ.

ಮನೆಯಲ್ಲಿ ಕುಬಸದ (ಸೀಮಂತದ) ದಿನ ಗೊತ್ತಾಗಿತ್ತು. ಅತ್ತೆಯವರು "ದೇವರು ಕೊಟ್ಟದ್ದು, ತುಂಬೂ ತನಕ ನೋಡೂಣು, ಡಾಕ್ಟರು ಹೇಳಿದ್ದೆಲ್ಲಾ ಖರೇ ಆಗತೈತೇನು" ಎಂದರು. ನನ್ನ ಅವ್ವ ಏನನ್ನೂ ಹೇಳಲಿಲ್ಲ. ಅತ್ತೆಯವರ ಮಾತನ್ನು ನಾನು ಅಜ್ಞಾನವೆಂದು ತಳ್ಳಿಹಾಕುವುದಿಲ್ಲ. ಬಸಿರನ್ನು ಮುಂದುವರಿಸಿ, ಮಗು ಹುಟ್ಟಿದ ಮೇಲೆ ಅದನ್ನು ಯಂತ್ರಗಳಿಗೆ ಜೋಡಿಸದೆ ಮಡಿಲಲ್ಲಿಟ್ಟುಕೊಂಡು ಕಳಿಸಿಕೊಡುವ ಆಯ್ಕೆಯೂ ಇದೆಯೆಂದು ತಜ್ಞರೇ ತಿಳಿಸಿದ್ದರು, ಅದನ್ನು ಆರಿಸಿಕೊಂಡ ತಾಯಂದಿರೂ ಇದ್ದಾರೆ. ನನಗೆ ಅದು ಸಾಧ್ಯವೆನಿಸಲಿಲ್ಲ. ಇನ್ನೂ ನಾಲ್ಕು ತಿಂಗಳು, ಎದುರು ಬಂದವರೆಲ್ಲ ಹೊಟ್ಟೆ ನೋಡಿ ಹರಸುತ್ತಿರುವಾಗ, ಉತ್ತರ ಗೊತ್ತಿದ್ದೂ ತರಗತಿಯಲ್ಲಿ ನಿಂತು ಪಾಠ ಹೇಳುವ ಶಕ್ತಿ ನನ್ನಲ್ಲಿರಲಿಲ್ಲ. ನಿರ್ಧಾರ ನನ್ನದೆಂದು ನನ್ನ ಯಜಮಾನರು ಮನೆಯವರೆದುರು ಒಮ್ಮೆ ಗಟ್ಟಿಯಾಗಿ ಹೇಳಿದ ಮೇಲೆ ಚರ್ಚೆ ನಿಂತಿತು.

ಕಾನೂನಿನ ಬಗ್ಗೆ ನಮ್ಮ ಊರುಗಳಲ್ಲಿ ತಪ್ಪು ತಿಳಿವಳಿಕೆ ಬಹಳ ಇರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಭಾರತದಲ್ಲಿ ವೈದ್ಯಕೀಯ ಗರ್ಭಪಾತಕ್ಕೆ 1971ರ ಕಾಯ್ದೆಯಿದೆ. 2021ರಲ್ಲಿ ಅದಕ್ಕೆ ಮಹತ್ವದ ತಿದ್ದುಪಡಿಯಾಯಿತು. ಅದಕ್ಕೂ ಮುಂಚೆ 20 ವಾರ ದಾಟಿದರೆ ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿದ್ದ ಹೊರತು ದಾರಿಯಿರಲಿಲ್ಲ, ಎಷ್ಟೋ ದಂಪತಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತಿತ್ತು. ಈಗ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳ ನಡುವೆ ಇಬ್ಬರ ಅಭಿಪ್ರಾಯ ಬೇಕು, ಮತ್ತು ನಿಯಮಗಳಲ್ಲಿ ಹೆಸರಿಸಿದ ಗುಂಪುಗಳಿಗೆ ಮಾತ್ರ ಆ ಅವಕಾಶವಿದೆ: ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತರು, ಬಸಿರಿನ ನಡುವೆ ವಿಧವೆಯಾದವರು ಅಥವಾ ವಿಚ್ಛೇದನ ಪಡೆದವರು, ಗಂಭೀರ ದೈಹಿಕ ಅಂಗವೈಕಲ್ಯ ಅಥವಾ ಮಾನಸಿಕ ಕಾಯಿಲೆ ಇರುವವರು, ವಿಕೋಪ ಮತ್ತು ತುರ್ತುಸ್ಥಿತಿಯಲ್ಲಿ ಸಿಲುಕಿದವರು, ಹಾಗೂ ನನ್ನಂತೆ ಮಗುವಿನಲ್ಲಿ ಬದುಕಲಾರದಷ್ಟು ಅಥವಾ ಬದುಕಿದರೂ ತೀವ್ರ ನ್ಯೂನತೆಯಲ್ಲಿ ನರಳುವಷ್ಟು ದೋಷ ಕಂಡುಬಂದವರು. 24 ವಾರ ದಾಟಿದ ಮೇಲೆ ಮಗುವಿನಲ್ಲಿ ಗಣನೀಯ ದೋಷವಿದ್ದರೆ ಸರ್ಕಾರ ರಚಿಸಿದ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು, ಸ್ಕ್ಯಾನಿಂಗ್ ತಜ್ಞರು ಅದರಲ್ಲಿರುತ್ತಾರೆ. ಅರ್ಜಿ ಬಂದ 3 ದಿನಗಳೊಳಗೆ ಮಂಡಳಿ ತನ್ನ ಅಭಿಪ್ರಾಯ ಕೊಡಬೇಕು, ಒಪ್ಪಿದರೆ 5 ದಿನಗಳೊಳಗೆ ಗರ್ಭಪಾತ ನಡೆಯುವಂತೆ ನೋಡಿಕೊಳ್ಳಬೇಕು. ಮಗುವಿನಲ್ಲಿ ದೋಷವಿಲ್ಲದೆ ಬೇರೆ ಕಾರಣಕ್ಕಾಗಿ, ಉದಾಹರಣೆಗೆ ಅತ್ಯಾಚಾರದಿಂದಾದ ಬಸಿರು 24 ವಾರ ದಾಟಿದ ಮೇಲೆ ಗೊತ್ತಾದರೆ, ಹೈಕೋರ್ಟಿಗೆ ಹೋಗಬೇಕಾಗುತ್ತದೆ. ಧಾರವಾಡ, ಗದಗ, ಹಾವೇರಿಯವರಿಗೆ ಅದು ಬೆಂಗಳೂರಲ್ಲ, ಧಾರವಾಡದ ಪೀಠ. ತಾಯಿಯ ಜೀವ ಉಳಿಸಲು ತಕ್ಷಣವೇ ಮಾಡಬೇಕಾಗಿ ಬಂದರೆ ಈ ಯಾವ ವಾರದ ಮಿತಿಯೂ ಅನ್ವಯಿಸುವುದಿಲ್ಲ.

ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಮನೆಯ ಹಿರಿಯರು ತಿಂಗಳು ಎಣಿಸುವ ಲೆಕ್ಕವೂ ಆಸ್ಪತ್ರೆಯ ವಾರದ ಲೆಕ್ಕವೂ ಹೊಂದುವುದಿಲ್ಲವಾದ್ದರಿಂದ ವರದಿಯಲ್ಲಿ ಬರೆದ ವಾರವನ್ನೇ ನೋಡಬೇಕು. ಅಂಗಾಂಗಗಳನ್ನು ಪರೀಕ್ಷಿಸುವ ಅನಾಮಲಿ ಸ್ಕ್ಯಾನಿಂಗನ್ನು 18ರಿಂದ 20ನೇ ವಾರದೊಳಗೆ ಮಾಡಿಸಿಕೊಂಡರೆ, ದೋಷ ಕಂಡರೂ ಇನ್ನೊಬ್ಬರನ್ನು ಕೇಳಲು, ಯೋಚಿಸಲು, ಮನೆಯವರೊಡನೆ ಕುಳಿತು ಮಾತಾಡಲು ದಿನಗಳು ಉಳಿಯುತ್ತವೆ. "ಐದು ತುಂಬಿದ ಮ್ಯಾಲ ಮಾಡಿಸಿದರಾತು" ಎಂದು ಮುಂದೂಡಿದವರು 23ನೇ ವಾರದಲ್ಲಿ ಓಡಾಡುವುದನ್ನು ಆ ತಜ್ಞರ ಹೊರಕೋಣೆಯಲ್ಲಿ ಕುಳಿತು ನಾನೇ ನೋಡಿದ್ದೇನೆ.

ಸಹಿಯ ವಿಷಯ. ಹದಿನೆಂಟು ತುಂಬಿದ ಹೆಂಗಸಿನ ಗರ್ಭಪಾತಕ್ಕೆ ಆಕೆಯೊಬ್ಬಳ ಒಪ್ಪಿಗೆ ಸಾಕು. ಗಂಡನ ಸಹಿಯಾಗಲಿ, ಅತ್ತೆ ಮಾವಂದಿರ ಸಹಿಯಾಗಲಿ ಕಾನೂನಿಗೆ ಬೇಕಿಲ್ಲ. ಅಪ್ರಾಪ್ತಳಾಗಿದ್ದರೆ ಅಥವಾ ಮಾನಸಿಕ ಕಾಯಿಲೆಯಿದ್ದರೆ ಮಾತ್ರ ಪೋಷಕರ ಲಿಖಿತ ಒಪ್ಪಿಗೆ ಕೇಳುತ್ತಾರೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಅವಿವಾಹಿತೆಯರಿಗೂ 24 ವಾರದವರೆಗಿನ ಅವಕಾಶ ಸಮಾನವಾಗಿ ಅನ್ವಯಿಸುತ್ತದೆಂದು ತೀರ್ಪು ಕೊಟ್ಟಾಗ, ಕಾನೂನಿನಲ್ಲಿಲ್ಲದ ಷರತ್ತುಗಳನ್ನು, ಮನೆಯವರ ಒಪ್ಪಿಗೆಯಂಥವನ್ನು, ವೈದ್ಯರು ತಾವಾಗಿ ಹೇರಬಾರದೆಂದೂ ಹೇಳಿತು. ಹಾಗಿದ್ದೂ ನಾವು ಮೊದಲು ವಿಚಾರಿಸಿದ ಒಂದು ಆಸ್ಪತ್ರೆಯಲ್ಲಿ "ನಿಮ್ಮ ಅತ್ತೀನ್ನ ಕರಕೊಂಡ ಬರ್ರಿ, ಹಿರೇರು ಸಹಿ ಮಾಡಬೇಕು" ಎಂದರು. ಆ ಹೊತ್ತಿನಲ್ಲಿ ವಾದಿಸುವ ತ್ರಾಣ ಇರಲಿಲ್ಲ, ನಾವು ಬೇರೆ ಆಸ್ಪತ್ರೆಗೆ ಹೋದೆವು. ಹೆಸರು ಗುರುತುಗಳನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಕರ್ತವ್ಯ; ಬಹಿರಂಗಪಡಿಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ.

ಈ ಹಂತದ ಗರ್ಭಪಾತವನ್ನು ಮಾನ್ಯತೆ ಪಡೆದ ಆಸ್ಪತ್ರೆಯಲ್ಲೇ ಮಾಡಿಸಬೇಕು. ಔಷಧದ ಅಂಗಡಿಗಳಲ್ಲಿ ಸಿಗುವ ಗುಳಿಗೆಗಳ ಕಿಟ್ ಒಂಬತ್ತು ವಾರದೊಳಗಿನ ಬಸಿರಿಗಾಗಿ ಇರುವಂಥದ್ದು. ಐದು ತಿಂಗಳ ಬಸಿರಿಗೆ ಅದನ್ನು ಮನೆಯಲ್ಲಿ ತೆಗೆದುಕೊಂಡರೆ ವಿಪರೀತ ರಕ್ತಸ್ರಾವವಾಗಬಹುದು, ಮಾಸು ಒಳಗೇ ಉಳಿಯಬಹುದು, ಹಿಂದೆ ಸಿಸೇರಿಯನ್ ಆಗಿದ್ದವರಿಗೆ ಗರ್ಭಕೋಶ ಸೀಳುವ ಅಪಾಯವೂ ಇದೆ.

ಇನ್ನು ಚಿಕಿತ್ಸೆಯ ಕ್ರಮ. ಮೊದಲು ಮಿಫೆಪ್ರಿಸ್ಟೋನ್ ಎಂಬ 200 ಮಿಲಿಗ್ರಾಂ ಗುಳಿಗೆಯೊಂದನ್ನು ನುಂಗಲು ಕೊಡುತ್ತಾರೆ. ಬಸಿರನ್ನು ಹಿಡಿದು ನಿಲ್ಲಿಸುವ ಪ್ರೊಜೆಸ್ಟರೋನ್ ಹಾರ್ಮೋನಿನ ಕೆಲಸವನ್ನು ಅದು ತಡೆಯುತ್ತದೆ, ಗರ್ಭಕೋಶದ ಬಾಯಿಯನ್ನು ಮೆದುಗೊಳಿಸುತ್ತದೆ. ಅದನ್ನು ನುಂಗಿದ ಮೇಲೆ ಒಂದರಿಂದ ಎರಡು ದಿನ ಕಾಯಬೇಕು. ದೇಹದಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಸ್ವಲ್ಪ ಕಿಬ್ಬೊಟ್ಟೆ ನೋವು ಅಥವಾ ರಕ್ತದ ಕಲೆ ಕಾಣಬಹುದು. ಕೂಸು ಇನ್ನೂ ಒಳಗೆ ಮಿಸುಕಾಡುತ್ತಿರುತ್ತದೆ. ಇಡೀ ಪ್ರಕ್ರಿಯೆಯಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಈ ನಡುವಿನ ಕಾಲ. ಇದರ ಬಗ್ಗೆ ಮೊದಲೇ ಗೊತ್ತಿದ್ದರೆ ಒಬ್ಬಂಟಿಯಾಗಿರದಂತೆ ಏರ್ಪಾಡು ಮಾಡಿಕೊಳ್ಳಬಹುದು. ದೂರದ ಊರಿನವರು, ಮುಖ್ಯವಾಗಿ ರೋಣ, ಮುಂಡರಗಿ, ಹಾನಗಲ್ಲಿನಂಥ ಕಡೆಯಿಂದ ಬರುವವರು, ಆ ದಿನಗಳಲ್ಲಿ ಹುಬ್ಬಳ್ಳಿಯಲ್ಲೇ ನೆಂಟರ ಮನೆಯಲ್ಲಿ ಉಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಅಪರೂಪಕ್ಕೆ ಕೆಲವರಿಗೆ ಮೊದಲ ಗುಳಿಗೆಗೇ ಬೇನೆ ಶುರುವಾಗುವುದುಂಟು.

ಬಸಿರು 22 ವಾರ ದಾಟಿದ್ದರೆ ಇನ್ನೊಂದು ಹಂತ ಸೇರುತ್ತದೆ. ಮಗು ಉಸಿರಿನೊಂದಿಗೆ ಹುಟ್ಟಬಾರದೆಂದು, ಸ್ಕ್ಯಾನಿಂಗ್ ನೋಡುತ್ತ ತಾಯಿಯ ಹೊಟ್ಟೆಯ ಮೂಲಕ ಸೂಜಿ ಹಾಕಿ, ಮಗುವಿನ ಹೃದಯಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಕೊಟ್ಟು ಅದರ ಬಡಿತವನ್ನು ಮೊದಲೇ ನಿಲ್ಲಿಸುತ್ತಾರೆ. ಓದಲು ಕಠೋರವಾದ ಸಂಗತಿಯಿದು, ಆದರೂ ಆ ಕೋಣೆಗೆ ಹೋದ ಮೇಲೆ ಮೊದಲ ಸಲ ಕೇಳುವುದಕ್ಕಿಂತ ಇಲ್ಲಿ ಓದಿಕೊಂಡು ಹೋಗುವುದು ಮೇಲು. ನನಗೆ ಆ ಹಂತ ಬರಲಿಲ್ಲ. 22 ವಾರಕ್ಕೆ ಮೊದಲು ಹೆಚ್ಚಾಗಿ ಮಾಡುವುದಿಲ್ಲ, ಬೇನೆಯ ಒತ್ತಡಕ್ಕೇ ಬಡಿತ ನಿಲ್ಲುವುದೇ ಹೆಚ್ಚು. ಕೆಲವೊಮ್ಮೆ ಹುಟ್ಟಿದ ಮೇಲೆ ಕ್ಷಣಕಾಲ ಅಲುಗಾಟ ಕಾಣಬಹುದೆಂದು ನಮ್ಮ ವೈದ್ಯರು ಮುಚ್ಚಿಡದೆ ಹೇಳಿದ್ದರು. "ಕೂಸಿಗೆ ನೋವಾಗತೈತೇನ್ರಿ" ಎಂದು ಕೇಳದ ತಾಯಿ ಇರಲಾರಳು, ನಾನೂ ಕೇಳಿದೆ. ನೋವನ್ನು ಅರಿಯಲು ಬೇಕಾದ ಮಿದುಳಿನ ಹೊರಪದರದ ನರಸಂಪರ್ಕಗಳು 24 ವಾರಕ್ಕೆ ಮೊದಲು ಕೂಡಿಕೊಂಡಿರುವುದಿಲ್ಲವೆಂದು ಬ್ರಿಟನ್ನಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2010ರ ವರದಿಯಲ್ಲಿ ಹೇಳಿದೆ. ವೈದ್ಯರು ಅದನ್ನೇ ಸರಳವಾಗಿ ವಿವರಿಸಿದರು. ಆ ಉತ್ತರವನ್ನು ನಾನು ಇಂದಿಗೂ ಹಿಡಿದುಕೊಂಡಿದ್ದೇನೆ.

ಆಸ್ಪತ್ರೆಗೆ ದಾಖಲಾಗುವಾಗ ತಾಯಿ ಕಾರ್ಡು, ಎಲ್ಲ ಸ್ಕ್ಯಾನಿಂಗ್ ವರದಿಗಳು, ರಕ್ತದ ಗುಂಪಿನ ವರದಿ ಕೈಯಲ್ಲಿರಲಿ. ಹಿಂದೆ ಸಿಸೇರಿಯನ್ ಆಗಿದ್ದರೆ ಯಾರೂ ಕೇಳದಿದ್ದರೂ ತಾವಾಗಿಯೇ ಹೇಳಬೇಕು. ಗುಳಿಗೆಯ ಪ್ರಮಾಣವನ್ನೂ ನಿಗಾವನ್ನೂ ಅದಕ್ಕೆ ತಕ್ಕಂತೆ ಬದಲಿಸುತ್ತಾರೆ. ಹಳೆಯ ಸೀರೆ ಅಥವಾ ಮುಂದೆ ಗುಂಡಿಯಿರುವ ನೈಟಿ ಎರಡು ಮೂರು, ದಪ್ಪ ಪ್ಯಾಡುಗಳು, ಮೆತ್ತನೆಯ ಹೊದಿಕೆ ಬೇಕಾಗುತ್ತವೆ. ಸಾಧ್ಯವಿದ್ದರೆ ಹೆರಿಗೆ ವಾರ್ಡಿನಿಂದ ದೂರದ ಕೋಣೆ ಕೇಳಿಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಕಷ್ಟವೆಂದು ಗೊತ್ತು, ಆದರೂ ಕೇಳಿದರೆ ಮೂಲೆಯ ಮಂಚವನ್ನಾದರೂ ಕೊಡುವ ಸಿಸ್ಟರ್‌ಗಳು ಇದ್ದಾರೆ.

ಎರಡನೆಯ ಔಷಧ ಮಿಸೊಪ್ರೊಸ್ಟಾಲ್. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 400 ಮೈಕ್ರೋಗ್ರಾಂ ಪ್ರಮಾಣವನ್ನು ಮೂರು ತಾಸಿಗೊಮ್ಮೆ ನಾಲಿಗೆಯ ಕೆಳಗೆ, ಕೆನ್ನೆಯೊಳಗೆ ಅಥವಾ ಯೋನಿಯಲ್ಲಿ ಇಡುತ್ತಾರೆ. ಮೊದಲ ಒಂದೆರಡು ಪ್ರಮಾಣಗಳಿಗೆ ಮುಟ್ಟಿನ ನೋವಿನಂಥ ಸೆಳೆತ. ಆಮೇಲೆ ನಿಜವಾದ ಹೆರಿಗೆ ಬೇನೆ, ಬಿಟ್ಟು ಬಿಟ್ಟು ಬರುತ್ತದೆ, ಬರಬರುತ್ತ ಬಿಗಿಯಾಗುತ್ತದೆ, ಸೊಂಟದಿಂದ ತೊಡೆಯವರೆಗೆ ಇಳಿಯುತ್ತದೆ. ಜೊತೆಗೆ ಚಳಿ, ನಡುಕ, ಜ್ವರ, ವಾಂತಿ, ಭೇದಿ ಆಗಬಹುದು. ನನಗೆ ಹಲ್ಲು ಕಟಕಟಿಸುವಷ್ಟು ಚಳಿ ಬಂದಿತ್ತು. ಏನೋ ಕೆಟ್ಟದ್ದಾಯಿತೆಂದು ಯಜಮಾನರು ಸಿಸ್ಟರನ್ನು ಕರೆಯಲು ಓಡಿದರು, ಅದು ಗುಳಿಗೆಯ ಗುಣವೆಂದು ಅವರು ಹೇಳಿ ಇನ್ನೊಂದು ಕಂಬಳಿ ಹೊದಿಸಿದರು. ಮೊದಲ ಪ್ರಮಾಣದಿಂದ ಕೂಸು ಹೊರಬರುವವರೆಗೆ ಹೆಚ್ಚಿನವರಿಗೆ ಅರ್ಧ ದಿನ ಹಿಡಿಯುತ್ತದೆ, ಚೊಚ್ಚಲಾಗಿದ್ದರೆ ಇನ್ನೂ ಹೆಚ್ಚು, ಕೆಲವರಿಗೆ ಒಂದು ದಿನವೂ ದಾಟುತ್ತದೆ. ತಡವಾದರೆ ಏನೋ ಕೆಟ್ಟಿತೆಂದು ಭಾವಿಸಬೇಕಿಲ್ಲ.

ನೋವು ಸಹಿಸಿಕೊಂಡು ಸುಮ್ಮನಿರುವುದೇ ಹೆಣ್ಣಿನ ಲಕ್ಷಣವೆಂಬ ನಂಬಿಕೆ ನಮ್ಮ ವಾರ್ಡುಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಜೀವಂತ ಮಗು ಸಿಗುವ ಹೆರಿಗೆಯಲ್ಲಿ ಆ ಮಾತಿಗೆ ಏನಾದರೂ ಅರ್ಥವಿದ್ದೀತು. ಇಲ್ಲಿ ಖಂಡಿತ ಇಲ್ಲ. ಐಬುಪ್ರೊಫೆನ್ ಅಥವಾ ಅಂಥ ನೋವಿನ ಗುಳಿಗೆ ತೆಗೆದುಕೊಂಡರೆ ಮಿಸೊಪ್ರೊಸ್ಟಾಲ್ ಕೆಲಸ ಮಾಡುವುದಿಲ್ಲವೆಂಬುದು ಸುಳ್ಳು. ಅದಕ್ಕೂ ಜಗ್ಗದ ನೋವಿಗೆ ಇಂಜೆಕ್ಷನ್‌ಗಳಿವೆ, ಸೌಲಭ್ಯವಿದ್ದ ಕಡೆ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಕೂಡ ಇದೆ. ಬೇನೆ ಏರಿದ ಮೇಲೆ ಕೇಳುವ ಬದಲು ದಾಖಲಾಗುವಾಗಲೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಬೇಕು.

ಕೂಸು ಬಂದ ಮೇಲೆ ಮಾಸು ಬೀಳಲು ಕಾಯುತ್ತಾರೆ. ಪೂರ್ಣ ದಿನ ತುಂಬಿದ ಹೆರಿಗೆಯಲ್ಲಿ ಬೀಳುವಷ್ಟು ಸಲೀಸಾಗಿ ಈ ಹಂತದಲ್ಲಿ ಅದು ಬೀಳುವುದಿಲ್ಲ. ಸ್ವಲ್ಪ ಭಾಗ ಉಳಿದರೆ ಅರಿವಳಿಕೆ ಕೊಟ್ಟು ತೆಗೆಯಬೇಕಾಗಬಹುದು. ಆದ್ದರಿಂದ "ಗುಳಿಗಿಯೊಳಗ ಮುಗೀತದ" ಎಂದು ಹೇಳಿದ್ದರೂ ಆಪರೇಷನ್ ಥಿಯೇಟರಿಗೆ ಒಯ್ದರೆ ಹೆದರಬಾರದು. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ 72 ಗಂಟೆಗಳೊಳಗೆ ಆ್ಯಂಟಿ-ಡಿ ಇಂಜೆಕ್ಷನ್ ಬೇಕು; ಅದು ಮುಂದಿನ ಮಗುವನ್ನು ಕಾಯುವ ಇಂಜೆಕ್ಷನ್, ಮರೆತು ಬಿಡುಗಡೆಯಾಗಬಾರದು.

ಕೂಸನ್ನು ನೋಡಬೇಕೋ ಬೇಡವೋ ಎಂಬ ಪ್ರಶ್ನೆ ಬೇನೆ ಬರುವ ಮುನ್ನವೇ ಇಬ್ಬರೂ ಮಾತಾಡಿಕೊಳ್ಳಬೇಕಾದದ್ದು. ಹಿರಿಯರು "ನೋಡಬ್ಯಾಡ, ಮನಸಿನ್ಯಾಗ ಉಳೀತೈತಿ" ಎನ್ನುತ್ತಾರೆ. ನಾನು ನೋಡಿದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಅರ್ಧ ಕಿಲೋ ಕೂಡ ಇಲ್ಲ, ತೆಳುವಾದ ಕೆಂಪು ಚರ್ಮ, ಮುಚ್ಚಿದ ಕಣ್ಣು, ಪೂರ್ತಿಯಾಗಿ ಮೂಡಿದ ಬೆರಳುಗಳು. ಮನಸ್ಸಿನಲ್ಲಿ ಉಳಿದಿರುವುದು ನಿಜ, ಅದು ಉಳಿದದ್ದು ನನಗೆ ಬೇಸರವಿಲ್ಲ. ಕಾಣದೇ ಇದ್ದಿದ್ದರೆ ಕಲ್ಪಿಸಿಕೊಳ್ಳುವುದು ಇದಕ್ಕಿಂತ ಭಯಂಕರವಾಗಿರುತ್ತಿತ್ತು. ನೋಡಲು ಬಯಸದವರದೂ ಸರಿಯೇ, ಅದಕ್ಕೆ ಯಾರಿಗೂ ಕಾರಣ ಹೇಳಬೇಕಿಲ್ಲ. ಮಣ್ಣು ಮಾಡುವ ಇಚ್ಛೆಯಿದ್ದರೆ ಅದನ್ನೂ ಮೊದಲೇ ತಿಳಿಸಬೇಕು. ಯಾರೂ ಏನೂ ಹೇಳದಿದ್ದರೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಆಸ್ಪತ್ರೆಯೇ ವಿಲೇವಾರಿ ಮಾಡುತ್ತದೆ, ಆಮೇಲೆ ಕೇಳಿದರೆ ಸಿಗುವುದಿಲ್ಲ. ನಾವು ಬರೆದುಕೊಟ್ಟು ಪಡೆದುಕೊಂಡೆವು. ಮಾವನವರು ಹೊಲದ ಬದುವಿನಲ್ಲಿ, ಬನ್ನಿ ಗಿಡದ ಹತ್ತಿರ ಮಣ್ಣು ಮಾಡಿಸಿದರು. ದೋಷದ ಕಾರಣ ತಿಳಿಯಲು ಶವಪರೀಕ್ಷೆ, ಹೊಕ್ಕುಳಬಳ್ಳಿಯ ಅಥವಾ ಮಾಸಿನ ತುಣುಕಿನಿಂದ ವರ್ಣತಂತುಗಳ ಪರೀಕ್ಷೆ ಮಾಡಿಸಬೇಕೇ ಎಂಬುದನ್ನೂ ದಾಖಲಾಗುವ ಮುನ್ನ ಕೇಳಬೇಕು. ಮಾದರಿಯನ್ನು ಆಗಲೇ ತೆಗೆಯದಿದ್ದರೆ ಆ ಅವಕಾಶ ಮತ್ತೆ ಬರುವುದಿಲ್ಲ.

ಮನೆಗೆ ಬಂದ ಮೇಲೆ ಎರಡರಿಂದ ನಾಲ್ಕು ವಾರ ರಕ್ತಸ್ರಾವ ಇರುತ್ತದೆ, ದಿನದಿಂದ ದಿನಕ್ಕೆ ಇಳಿಯುತ್ತ ಹೋಗಬೇಕು. ಗಂಟೆಗೆ ಎರಡು ದಪ್ಪ ಪ್ಯಾಡು ತೊಯ್ದು, ಎರಡು ಗಂಟೆಯವರೆಗೂ ಹಾಗೆಯೇ ಮುಂದುವರಿದರೆ, ಜ್ವರ ಇಳಿಯದಿದ್ದರೆ, ಸ್ರಾವಕ್ಕೆ ಕೆಟ್ಟ ವಾಸನೆ ಬಂದರೆ, ಹೊಟ್ಟೆನೋವು ಹೆಚ್ಚುತ್ತಲೇ ಹೋದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು.

ಹಾಲಿನ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ದೇಹಕ್ಕೆ ಗೊತ್ತಾಗುವುದು ಮಾಸು ಬಿತ್ತೆಂಬುದು ಮಾತ್ರ, ಕೂಸು ಇದೆಯೋ ಇಲ್ಲವೋ ಅದು ಕೇಳುವುದಿಲ್ಲ. ಎದೆ ಕಲ್ಲಿನಂತೆ ಬಿಗಿದು, ರವಿಕೆ ತೊಯ್ದಾಗ ನಾನು ಅತ್ತಷ್ಟು ಆಸ್ಪತ್ರೆಯಲ್ಲಿಯೂ ಅತ್ತಿರಲಿಲ್ಲ. ಇದಕ್ಕೆ ಕ್ಯಾಬರ್ಗೊಲಿನ್ ಎಂಬ ಗುಳಿಗೆಯಿದೆ. ಬಿಡುಗಡೆಯಾಗುವ ಮುಂಚೆ, ಮೊದಲ ದಿನವೇ ಒಂದು ಮಿಲಿಗ್ರಾಂ ತೆಗೆದುಕೊಂಡರೆ ಹೆಚ್ಚಿನವರಿಗೆ ಹಾಲು ಇಳಿಯುವುದೇ ಇಲ್ಲ. ರಕ್ತದೊತ್ತಡ ಇರುವವರಿಗೆ ಅದನ್ನು ಕೊಡುವುದಿಲ್ಲವಾದ್ದರಿಂದ ವೈದ್ಯರನ್ನೇ ಕೇಳಬೇಕು. ಅದಿಲ್ಲದಿದ್ದರೆ ಹಿತವಾಗಿ ಬಿಗಿಯಾದ ಒಳಉಡುಪು, ತಣ್ಣೀರು ಬಟ್ಟೆ, ನೋವಿನ ಗುಳಿಗೆ ಸಾಕು. ಹಿಂಡಿ ತೆಗೆಯಬಾರದು, ಹಿಂಡಿದಷ್ಟೂ ಹೆಚ್ಚು ಬರುತ್ತದೆ. ಅವ್ವ ಮಲ್ಲಿಗೆ ಹೂವನ್ನು ಅರಿವೆಯಲ್ಲಿ ಸುತ್ತಿ ಎದೆಗೆ ಕಟ್ಟಿದಳು. ಅದು ಬರಿಯ ಹಳೆಯ ನಂಬಿಕೆಯೆಂದು ನಾನು ತಿಳಿದಿದ್ದೆ. 1988ರಲ್ಲೇ ಪ್ರಕಟವಾದ ದಕ್ಷಿಣ ಭಾರತದ ಒಂದು ಅಧ್ಯಯನದಲ್ಲಿ ಮಲ್ಲಿಗೆ ಕಟ್ಟಿದ ತಾಯಂದಿರಿಗೂ ಹಾಲು ಇಳಿಮುಖವಾದದ್ದು ಕಂಡಿದೆಯೆಂದು ಆಮೇಲೆ ಓದಿದೆ.

ಬಾಣಂತನದ ಪ್ರಶ್ನೆಯಲ್ಲಿ ಮನೆಗಳು ಎಡವುತ್ತವೆ. ಕೂಸಿಲ್ಲದ ಬಾಣಂತಿಗೆ ಏನು ಮಾಡಬೇಕೆಂದು ಯಾರಿಗೂ ತಿಳಿಯದೆ, ಕೆಲವರು ಮೂರನೇ ದಿನಕ್ಕೇ ರೊಟ್ಟಿ ಬಡಿಯಲು ಕೂಡಿಸುತ್ತಾರೆ. ಬಿಸಿ ಊಟ, ಅಂಟಿನುಂಡಿ, ಎಣ್ಣೆ ಹಚ್ಚಿ ನೀರು ಹಾಕುವುದು, ಮಲಗಲು ಬಿಡುವುದು ಎಲ್ಲವೂ ಆಕೆಗೆ ಸಲ್ಲಬೇಕು, ಏಕೆಂದರೆ ರಕ್ತ ಹೋಗಿರುತ್ತದೆ, ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ವಾರಗಳೇ ಹಿಡಿಯುತ್ತವೆ. ನೀರು ಕುಡಿಸದಿರುವುದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲ ಹೊಗೆ ಹಾಕುವುದು ಮಾತ್ರ ಬೇಡ. ಕಬ್ಬಿಣದ ಗುಳಿಗೆ ಬರೆದುಕೊಟ್ಟಿದ್ದರೆ ನಿಲ್ಲಿಸಬಾರದು.

ನೌಕರಿಯಲ್ಲಿರುವವರಿಗೆ ಒಂದು ಮಾಹಿತಿ: ಗರ್ಭಸ್ರಾವಕ್ಕೂ ವೈದ್ಯಕೀಯ ಗರ್ಭಪಾತಕ್ಕೂ ವೇತನ ಸಹಿತ ಆರು ವಾರಗಳ ರಜೆಯಿದೆ. ಮೊದಲು ಇದು 1961ರ ಹೆರಿಗೆ ಸೌಲಭ್ಯ ಕಾಯ್ದೆಯ 9ನೇ ಕಲಮಿನಲ್ಲಿತ್ತು, 2025ರ ನವೆಂಬರಿನಿಂದ ಸಾಮಾಜಿಕ ಭದ್ರತಾ ಸಂಹಿತೆ 2020ರಲ್ಲಿದೆ. ಸರ್ಕಾರಿ ನೌಕರರಿಗೆ ಅವರದೇ ಸೇವಾ ನಿಯಮಗಳಿವೆ. ರಜೆಯ ಅರ್ಜಿಗೆ ವೈದ್ಯರ ಪ್ರಮಾಣಪತ್ರ ಸಾಕು, ಮಗುವಿಗೆ ಏನಾಗಿತ್ತೆಂಬ ವಿವರವನ್ನು ಕಚೇರಿಗೆ ಕೊಡಬೇಕಿಲ್ಲ.

ಜನರ ಮಾತುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಂದು ಮಾತು ಮಾತ್ರ ನಮ್ಮ ಭಾಗದಲ್ಲಿ ಬರುತ್ತದೆಂದು ತಿಳಿದಿರಲಿ: "ಹೆಣ್ಣಂತ ಗೊತ್ತಾಗಿ ತೆಗೆಸಿರಬೇಕು." ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ, ಯಾವ ಸ್ಕ್ಯಾನಿಂಗ್ ವೈದ್ಯರೂ ಅದನ್ನು ಹೇಳುವಂತಿಲ್ಲ, ನಮಗೂ ಹೇಳಿರಲಿಲ್ಲ. ಹಾಗೆ ಕೇಳಿದವರಿಗೆ ನಾನು ಉತ್ತರ ಕೊಡಲಿಲ್ಲ. ನಮ್ಮ ವೈನಿ ಒಬ್ಬರಿಗೆ ಸರಿಯಾಗಿ ಕೊಟ್ಟರೆಂದು ಆಮೇಲೆ ತಿಳಿಯಿತು.

ಅಳು ಬರುವುದು, ನಿದ್ದೆ ಹೋಗುವುದು, ಬೇರೆಯವರ ಕುಬಸಕ್ಕೆ ಹೋಗಲಾಗದಿರುವುದು ಸಹಜ. ವಾರಗಳು ಕಳೆದರೂ ಊಟ ನಿದ್ದೆ ಮರಳದಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ, ಅದನ್ನು ಕಾಲವೇ ಸರಿಪಡಿಸುತ್ತದೆಂದು ಕಾಯಬಾರದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಹೋಗುವುದೆಂದರೆ ಹುಚ್ಚು ಹಿಡಿದಿದೆಯೆಂದು ಅರ್ಥವಲ್ಲ. ಅಲ್ಲಿಗೆ ಹೋಗಲಾಗದಿದ್ದರೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಯಜಮಾನರನ್ನು ಯಾರೂ "ನೀವು ಹೆಂಗದೀರಿ" ಎಂದು ಕೇಳಲಿಲ್ಲ. ಆಸ್ಪತ್ರೆಯ ಬಿಲ್ಲು ಕಟ್ಟಿದವರು, ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಊರವರೆಗೆ ತೊಡೆಯ ಮೇಲಿಟ್ಟುಕೊಂಡು ತಂದವರು ಅವರು. ತಿಂಗಳುಗಳ ಮೇಲೆ ಅವರು ಅತ್ತರು.

ಮುಂದಿನ ಬಸಿರಿನ ಮಾತು ಬಹಳ ಬೇಗ ಶುರುವಾಗುತ್ತದೆ, ಮನೆಯವರಿಂದಲೂ, ದೇಹದಿಂದಲೂ. ಗರ್ಭಪಾತವಾದ ಮೂರು ವಾರದೊಳಗೇ ಅಂಡ ಬಿಡುಗಡೆಯಾಗಬಹುದಾದ್ದರಿಂದ, ಮುಟ್ಟು ಬಂದಿಲ್ಲವೆಂದ ಮಾತ್ರಕ್ಕೆ ಬಸಿರು ನಿಲ್ಲುವುದಿಲ್ಲವೆಂದು ತಿಳಿಯಬಾರದು. ಯಾವ ಗರ್ಭನಿರೋಧಕ ಬಳಸಬೇಕೆಂದು ಬಿಡುಗಡೆಯ ದಿನವೇ ಕೇಳಬೇಕು. ಮಗುವಿನ ಬೆನ್ನುಹುರಿ ಅಥವಾ ತಲೆಬುರುಡೆಯ ದೋಷದಿಂದ ಗರ್ಭ ಕಳೆದುಕೊಂಡವರು ಮುಂದಿನ ಬಸಿರಿಗೆ ಮೊದಲೇ ಹೆಚ್ಚಿನ ಪ್ರಮಾಣದ ಫೋಲಿಕ್ ಆ್ಯಸಿಡ್ ಶುರು ಮಾಡಬೇಕಾಗುತ್ತದೆ, ಬಸಿರು ಖಚಿತವಾದ ಮೇಲೆ ಶುರು ಮಾಡಿದರೆ ತಡವಾಗಿರುತ್ತದೆ. ನಮ್ಮಂಥವರಿಗೆ ಹೇಳುವುದು ಬೇರೆ: ಮೂತ್ರಪಿಂಡದ ದೋಷ ಕೆಲವು ಕುಟುಂಬಗಳಲ್ಲಿ ಹರಿದುಬರುವುದುಂಟು, ಒಂದೇ ಮೂತ್ರಪಿಂಡವಿದ್ದೂ ಗೊತ್ತಿಲ್ಲದೆ ಆರೋಗ್ಯವಾಗಿ ಬದುಕುತ್ತಿರುವವರಿದ್ದಾರೆ, ಆದ್ದರಿಂದ ತಂದೆ ತಾಯಿ ಇಬ್ಬರೂ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿಕೊಳ್ಳಬೇಕು. ನಾವಿಬ್ಬರೂ ಮಾಡಿಸಿದೆವು, ಇಬ್ಬರಿಗೂ ಎರಡೆರಡು ಇವೆ. ಮುಂದಿನ ಸಲ ಹದಿನಾರನೇ ವಾರದ ಸುಮಾರಿಗೇ ತಜ್ಞರಲ್ಲಿ ನೀರಿನ ಪ್ರಮಾಣವನ್ನೂ ಮೂತ್ರಪಿಂಡಗಳನ್ನೂ ನೋಡಿಸಬೇಕೆಂದು ಬಿಡುಗಡೆ ಪತ್ರದ ಕೆಳಗೆ ವೈದ್ಯರು ಕೈಯಿಂದ ಬರೆದುಕೊಟ್ಟಿದ್ದಾರೆ. ಆ ಪತ್ರವನ್ನು ತಾಯಿ ಕಾರ್ಡಿನ ಜೊತೆಗೇ ಇಟ್ಟಿದ್ದೇನೆ.